ಅನ್ನದಾನವೂ ಅನ್ನದ ಹಕ್ಕೂ

ಹಸಿವಿನಲ್ಲಿ ಎರಡು ಬಗೆ. ಒಂದು ಬೀದಿಗೆ ಬಂದ ಹಸಿವು. ಇನ್ನೊಂದು ಮನೆಯೊಳಗೇ ಉಳಿದ ಹಸಿವು. ಬೀದಿಗೆ ಬಂದ ಹಸಿವು ಎಲ್ಲರ ಕಣ್ಣಿಗೂ ಬೀಳುತ್ತದೆ. ಅದು ದೇವಸ್ಥಾನದ ಬಾಗಿಲಲ್ಲಿ ಕೈಯೊಡ್ಡಿ ನಿಲ್ಲುತ್ತದೆ. ಸಂತೆಯ ಬಯಲಿನಲ್ಲಿ, ರೈಲು ನಿಲ್ದಾಣದಲ್ಲಿ ಎದುರಾಗುತ್ತದೆ. ಕಂಡವರ ಮನಸ್ಸು ಕರಗುತ್ತದೆ. ಒಂದು ಹಿಡಿ ಅನ್ನ, ಒಂದು ನಾಣ್ಯ ಅದರ ಕೈ ಸೇರುತ್ತದೆ. ಮನೆಯೊಳಗಿನ ಹಸಿವಿನ ರೀತಿಯೇ ಬೇರೆ. ಅದು ಕದವಿಕ್ಕಿಕೊಂಡು ಒಳಗೆ ಕುಳಿತಿರುತ್ತದೆ. ನೆರೆಮನೆಯವರಿಗೂ ಸುಳಿವು ಸಿಕ್ಕದಂತೆ ತನ್ನನ್ನು ಮರೆಮಾಡಿಕೊಳ್ಳುತ್ತದೆ. ನಾಡಿನ ಹಸಿವಿನ ಬಹುಭಾಗ ಈ ಎರಡನೆಯ ಬಗೆಯದು. ಅದನ್ನು ಕಾಣಬಲ್ಲವರು ವಿರಳ. ನೀಗಿಸುವ ದಾರಿ ಬಲ್ಲವರು ಇನ್ನೂ ವಿರಳ.

ಈ ಹಸಿವು ಒಮ್ಮೆಲೇ ಬರುವುದಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬರುತ್ತದೆ. ಬಯಲುಸೀಮೆಯ ಹಳ್ಳಿಯೊಂದರಲ್ಲಿ ತುಂಡು ಭೂಮಿಯೂ ಇಲ್ಲದ ಒಂದು ಕೂಲಿಯ ಸಂಸಾರವನ್ನು ಕಲ್ಪಿಸಿಕೊಳ್ಳಬಹುದು. ಸುಗ್ಗಿಯ ದಿನಗಳಲ್ಲಿ ಆ ಮನೆಗೆ ಕೊರತೆಯಿಲ್ಲ. ಕೊಯ್ಲು, ಒಕ್ಕಣೆಗಳ ಕೂಲಿ ಬರುತ್ತದೆ. ಮಡಕೆಯಲ್ಲಿ ರಾಗಿಹಿಟ್ಟು ಇರುತ್ತದೆ. ಸುಗ್ಗಿ ಕಳೆದು ಬೇಸಗೆ ಬಂದಾಗ ಕೂಲಿ ವಿರಳವಾಗುತ್ತದೆ. ಮಳೆಗಾಲದಲ್ಲಿ ಬಿತ್ತನೆ, ಕಳೆಗಳ ಕೆಲಸ ಮುಗಿದ ಮೇಲೆ ಪೈರು ತೆನೆಗಟ್ಟುವವರೆಗೆ ಕೈಗೆ ದುಡಿಮೆಯಿಲ್ಲ. ಹೊಲವೆಲ್ಲ ಹಸುರಾಗಿರುವ ಆ ಕಾಲದಲ್ಲಿಯೇ ಮನೆಯ ಮಡಕೆ ಬರಿದಾಗುತ್ತ ಹೋಗುವುದು ವಿಚಿತ್ರವಾದರೂ ನಿಜ. ಮೊದಲು ಹಾಲು ನಿಲ್ಲುತ್ತದೆ. ಆಮೇಲೆ ಎಣ್ಣೆ, ಬೇಳೆಗಳು ಕಡಿಮೆಯಾಗುತ್ತವೆ, ಸಾರು ತಿಳಿಯಾಗುತ್ತದೆ. ಮುದ್ದೆಯ ಗಾತ್ರ ಸಣ್ಣದಾಗುತ್ತದೆ. ಕೆಲವು ದಿನಗಳಲ್ಲಿ ಮುದ್ದೆಯ ಜಾಗಕ್ಕೆ ಅಂಬಲಿ ಬರುತ್ತದೆ. ಅಂಗಡಿಯ ಕಡ ಏರಿ, ಹಿತ್ತಾಳೆಯ ಕೊಡ ಒತ್ತೆಗೆ ಹೋಗುತ್ತದೆ. ಹಿರಿಯ ಮಗಳು ಶಾಲೆ ಬಿಟ್ಟು ತಮ್ಮನನ್ನು ನೋಡಿಕೊಳ್ಳಲು ನಿಲ್ಲುತ್ತಾಳೆ. ತಾಯಿ ದೂರದ ಊರಿಗೆ ಕೂಲಿ ಹುಡುಕಿಕೊಂಡು ಹೋಗಬೇಕಾಗಿದೆ.

ಇಷ್ಟಾದರೂ ಆ ಮನೆಯಲ್ಲಿ ಯಾರೂ ಅತ್ತದ್ದು ಕೇಳಿಸುವುದಿಲ್ಲ. ಗಂಡ ದುಡಿಯಬೇಕು, ಮಕ್ಕಳು ಬೆಳೆಯಬೇಕು ಎಂದು ತಾಯಿ ಅವರಿಗೆ ಮೊದಲು ಬಡಿಸುತ್ತಾಳೆ. “ನೀನು ಉಣ್ಣುವುದಿಲ್ಲವೇನವ್ವ?” ಎಂದು ಮಗು ಕೇಳಿದರೆ, “ನನಗೆ ಹಸಿವಿಲ್ಲ ಮಗ, ನೀನು ಉಣ್ಣು” ಎನ್ನುತ್ತಾಳೆ. ತಾಯಂದಿರು ನುಡಿಯುವ ಸುಳ್ಳುಗಳಲ್ಲಿ ಇದಕ್ಕಿಂತ ಹಳೆಯದೂ ಇದಕ್ಕಿಂತ ದುಃಖಕರವಾದುದೂ ಇನ್ನೊಂದಿಲ್ಲ.

ಮನೆಯೊಳಗಿನ ಈ ಕೊರತೆಯನ್ನು ಅಳೆಯುವುದು ಹೇಗೆಂದು ವಿದ್ವಾಂಸರು ಬಹುಕಾಲ ಯೋಚಿಸಿದ್ದಾರೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ೮ ಪ್ರಶ್ನೆಗಳ ಒಂದು ಪಟ್ಟಿಯನ್ನು ರೂಪಿಸಿ, ೨೦೧೪ರಿಂದ ಅನೇಕ ದೇಶಗಳಲ್ಲಿ ಅದನ್ನು ಬಳಸುತ್ತಿದೆ. ಆ ಪಟ್ಟಿಯ ಮೊದಲನೆಯ ಪ್ರಶ್ನೆ ಹೊಟ್ಟೆಯನ್ನು ಕುರಿತದ್ದಲ್ಲ, ಮನಸ್ಸನ್ನು ಕುರಿತದ್ದು. ಹಣವಿಲ್ಲದೆ ಊಟಕ್ಕೆ ಸಾಲದೆ ಹೋದೀತೆಂಬ ಚಿಂತೆ ಕಾಡಿತೆ ಎಂದು ಅದು ಕೇಳುತ್ತದೆ. ಬಳಿಕ ಊಟದ ಗುಣ ಕುಂದಿತೆ, ಬಗೆಗಳು ಕಡಿಮೆಯಾದವೆ, ಒಂದು ಹೊತ್ತು ತಪ್ಪಿತೆ ಎಂಬ ಪ್ರಶ್ನೆಗಳು ಬಂದು, ಕೊನೆಯಲ್ಲಿ ಇಡೀ ದಿನ ಉಪವಾಸವಿರಬೇಕಾಯಿತೆ ಎಂಬ ಪ್ರಶ್ನೆ ಬರುತ್ತದೆ. ಉಪವಾಸ ಹಸಿವಿನ ಕೊನೆಯ ಮೆಟ್ಟಿಲು; ಚಿಂತೆಯೇ ಅದರ ಮೊದಲ ಮೆಟ್ಟಿಲು. ನಾಳೆಯ ಅನ್ನ ನಿಶ್ಚಿತವಲ್ಲದ ಮನೆಯಲ್ಲಿ ಇಂದಿನ ಅನ್ನವೂ ನೆಮ್ಮದಿಯಿಂದ ಗಂಟಲಿನಲ್ಲಿ ಇಳಿಯುವುದಿಲ್ಲ.

ಇಂಥ ಕೊರತೆಯ ಗುರುತು ಮೈಮೇಲೆ ಉಳಿಯುತ್ತದೆ. ೨೦೧೯ರಿಂದ ೨೦೨೧ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಭಾರತದಲ್ಲಿ ೫ ವರ್ಷದೊಳಗಿನ ಮಕ್ಕಳ ಪೈಕಿ ನೂರಕ್ಕೆ ೩೫ಕ್ಕೂ ಹೆಚ್ಚು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲವೆಂದು ಕಂಡುಬಂತು. ಕರ್ನಾಟಕದ ಪ್ರಮಾಣವೂ ಹೆಚ್ಚುಕಡಮೆ ಅಷ್ಟೇ. ೧೫ರಿಂದ ೪೯ ವರ್ಷದ ಹೆಂಗಸರಲ್ಲಿ ದೇಶದಾದ್ಯಂತ ನೂರಕ್ಕೆ ೫೭ ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದರು. ಇದಕ್ಕೆ ರೋಗರುಜಿನ, ಅಶುದ್ಧವಾದ ನೀರು ಮೊದಲಾದ ಬೇರೆ ಕಾರಣಗಳೂ ಉಂಟು. ಆದರೆ ತಿಳಿಯಾದ ಸಾರು, ಸಣ್ಣದಾದ ಮುದ್ದೆ, ತಾಯಿಯ ಆ ಸುಳ್ಳು ಇವುಗಳ ಲೆಕ್ಕವೂ ಈ ಅಂಕೆಗಳಲ್ಲಿ ಸೇರಿದೆ.

ಹಸಿದವರನ್ನು ಕಂಡು ನಮ್ಮ ನಾಡು ಎಂದೂ ಸುಮ್ಮನೆ ಕುಳಿತಿಲ್ಲ. ಅನ್ನದಾನಕ್ಕಿಂತ ಮಿಗಿಲಾದ ದಾನವಿಲ್ಲವೆಂಬ ಮಾತು ಇಲ್ಲಿ ಮನೆಮಾತು. ಜೈನಧರ್ಮ ಹೇಳುವ ನಾಲ್ಕು ಬಗೆಯ ದಾನಗಳಲ್ಲಿ ಆಹಾರದಾನವೂ ಒಂದು. ದಾರಿಹೋಕರಿಗೆ ಊಟವಿಕ್ಕುವ ಸತ್ರಗಳಿಗೆ ಭೂಮಿಯನ್ನು ಬಿಟ್ಟುಕೊಟ್ಟ ಸಂಗತಿಯನ್ನು ಹಲವು ಶಾಸನಗಳು ಹೇಳುತ್ತವೆ. ಧರ್ಮಸ್ಥಳ, ಉಡುಪಿ, ಶೃಂಗೇರಿ, ಹೊರನಾಡುಗಳಿಗೆ ಹೋದ ಯಾತ್ರಿಕರು ಇಂದಿಗೂ ಊಟವಿಲ್ಲದೆ ಹಿಂದಿರುಗುವುದಿಲ್ಲ. ತುಮಕೂರಿನ ಸಿದ್ಧಗಂಗೆಯಲ್ಲಿ ೨೦೧೯ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳು ದಶಕಗಳ ಕಾಲ ಸಾವಿರಾರು ಬಡ ವಿದ್ಯಾರ್ಥಿಗಳಿಗೆ ಜಾತಿಭೇದವೆಣಿಸದೆ ಅನ್ನ, ಆಶ್ರಯ, ಅಕ್ಷರಗಳನ್ನು ಒದಗಿಸಿದರು. ಆ ಒಲೆ ಇಂದಿಗೂ ಆರಿಲ್ಲ. ಅಲ್ಲಿ ಉಂಡು ಓದಿದವರಲ್ಲಿ ಎಷ್ಟೋ ಮಂದಿ ತಮ್ಮ ಮನೆಗಳ ಬಡತನವನ್ನೇ ನೀಗಿದ್ದಾರೆ.

ಈ ಪರಂಪರೆಯಲ್ಲಿ ದಾನ ಮತ್ತು ದಾಸೋಹ ಎಂಬ ಎರಡು ಮಾತುಗಳಿವೆ. ಅವುಗಳ ನಡುವಣ ಅಂತರ ಸೂಕ್ಷ್ಮವಾದುದು. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ, ಕೊಳ್ಳುವವನ ಕೈ ಕೆಳಗಿರುತ್ತದೆ. ಹನ್ನೆರಡನೆಯ ಶತಮಾನದ ಶರಣರು ಈ ಮೇಲು-ಕೆಳಗನ್ನು ಒಪ್ಪಲಿಲ್ಲ. ಕಾಯಕದಿಂದ ಗಳಿಸಿದ್ದನ್ನು ತಾನೇ ದಾಸನೆಂಬ ಭಾವದಿಂದ ಸಮಾಜಕ್ಕೆ ಒಪ್ಪಿಸುವುದನ್ನು ಅವರು ದಾಸೋಹವೆಂದು ಕರೆದರು. ಅಲ್ಲಿ ಬಾಗಬೇಕಾದವನು ಉಣ್ಣುವವನಲ್ಲ, ಬಡಿಸುವವನು. ಎಲ್ಲ ಸತ್ರಗಳ ಪಂಕ್ತಿಯೂ ಎಲ್ಲ ಜಾತಿಯವರಿಗೂ ತೆರೆದಿರದಿದ್ದ ಕಾಲದಲ್ಲಿ ಇದು ದೊಡ್ಡ ಮಾತು.

ಆದರೂ ಅನ್ನದಾನವೊಂದರಿಂದಲೇ ಮನೆಮನೆಯ ಹಸಿವು ನೀಗೀತೆ ಎಂಬ ಪ್ರಶ್ನೆ ಉಳಿಯುತ್ತದೆ. ನೀಗದು ಎಂಬುದಕ್ಕೆ ಮುಖ್ಯವಾದ ಕಾರಣಗಳು ಮೂರು. ಅನ್ನಸತ್ರ ಎಲ್ಲಿದೆಯೋ ಅಲ್ಲಿಗೆ ಹಸಿದವನು ಬರಬೇಕು. ಹತ್ತು ಹರಿದಾರಿ ದೂರದ ಹಳ್ಳಿಯ ಮುದುಕಿ ದಿನವೂ ಅಲ್ಲಿಗೆ ಬರಲಾರಳು. ಇದು ಮೊದಲನೆಯದು. ಬಂದವನು ತನ್ನ ಬಡತನವನ್ನು ನಾಲ್ವರಿಗೆ ತೋರಿಸಿಕೊಳ್ಳಬೇಕು. ಮಾನಕ್ಕಂಜುವ ಸಂಸಾರ ಅಂಬಲಿ ಕುಡಿದು ಮಲಗೀತೇ ಹೊರತು ಕೈಯೊಡ್ಡಲಾರದು. ಇದು ಎರಡನೆಯದು. ಮೂರನೆಯದು ಎಲ್ಲಕ್ಕಿಂತ ಕಠಿಣವಾದುದು. ಮಳೆ ಕೈಕೊಟ್ಟ ವರ್ಷ ಬೇಡುವವರ ಸಂಖ್ಯೆ ಹೆಚ್ಚುತ್ತದೆ. ಅದೇ ವರ್ಷ ಕೊಡುವವರ ಕಣಜವೂ ಬರಿದಾಗುತ್ತದೆ. ದಾನ ಹೆಚ್ಚಾಗಬೇಕಾದ ಹೊತ್ತಿಗೇ ದಾನದ ಮೂಲ ಬತ್ತುತ್ತದೆ.

ಮೈಸೂರು ಸೀಮೆಯ ಜನ ಇದನ್ನು ಬಹಳ ದೊಡ್ಡ ಬೆಲೆ ತೆತ್ತು ಕಲಿತರು. ಧಾತು ಸಂವತ್ಸರದಲ್ಲಿ ತಲೆದೋರಿ ಈಶ್ವರ ಸಂವತ್ಸರದಲ್ಲಿ ಮುಂದುವರಿದ ೧೮೭೬-೭೮ರ ಬರ ಇಲ್ಲಿ ಊರೂರುಗಳನ್ನೇ ಬರಿದುಮಾಡಿತು. ೧೮೭೧ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ೫೦ ಲಕ್ಷ ೫೫ ಸಾವಿರದಷ್ಟಿತ್ತು. ೧೮೮೧ರ ಗಣತಿಯ ವೇಳೆಗೆ ಅದು ೪೧ ಲಕ್ಷ ೮೬ ಸಾವಿರಕ್ಕೆ ಇಳಿದಿತ್ತು. ಬೆಂಗಳೂರಿಗೆ ೧೮೬೪ರಲ್ಲೇ ರೈಲು ಬಂದಿತ್ತು. ಹೊರಗಿನಿಂದ ಧಾನ್ಯ ತರಿಸುವುದು ಅಸಾಧ್ಯವಾಗಿರಲಿಲ್ಲ. ಗಂಜಿಕೇಂದ್ರಗಳೂ ತೆರೆದವು; ಉದಾರಿಗಳು ಕೈಲಾದಷ್ಟು ಕೊಟ್ಟರು. ಆದರೆ ಪೈರಿಲ್ಲದ ಹೊಲದಲ್ಲಿ ಕೂಲಿಯಿಲ್ಲ. ಕೂಲಿಯಿಲ್ಲದವನಿಗೆ ಬೆಲೆಯೇರಿದ ಧಾನ್ಯ ಎಟುಕಲಿಲ್ಲ. ಈ ಮಹಾಕ್ಷಾಮದ ಬಳಿಕ ನೇಮಕವಾದ ಕ್ಷಾಮ ಆಯೋಗ ೧೮೮೦ರಲ್ಲಿ ವರದಿಯೊಪ್ಪಿಸಿತು. ಬರಗಾಲದಲ್ಲಿ ಜನರಿಗೆ ದುಡಿಮೆಯನ್ನೂ ಕೂಲಿಯನ್ನೂ ಒದಗಿಸುವುದು, ದುಡಿಯಲಾರದವರನ್ನು ಸಾಕುವುದು ಸರ್ಕಾರದ ಹೊಣೆಯೆಂಬ ತತ್ತ್ವ ಅಲ್ಲಿಂದ ಮುಂದೆ ಕ್ಷಾಮ ಸಂಹಿತೆಗಳಲ್ಲಿ ಬರಹಕ್ಕಿಳಿಯಿತು.

ಬರಹಕ್ಕಿಳಿದುದೆಲ್ಲ ಆಚರಣೆಗೆ ಬರಲಿಲ್ಲ. ೧೯೪೩ರಲ್ಲಿ ಬಂಗಾಳದಲ್ಲಿ ಕ್ಷಾಮ ತಲೆದೋರಿ ೨೦ ಲಕ್ಷಕ್ಕೂ ಹೆಚ್ಚು ಮಂದಿ ಸತ್ತರು. ಆಗ ಶಾಂತಿನಿಕೇತನದಲ್ಲಿ ಅಜ್ಜನ ಮನೆಯಲ್ಲಿದ್ದ ಸುಮಾರು ಹತ್ತು ವರ್ಷದ ಬಾಲಕನೊಬ್ಬ ಹಸಿದ ಜನರ ಸಾಲು ಬಾಗಿಲ ಮುಂದೆ ಹಾದುಹೋಗುವುದನ್ನು ಕಂಡ. ಬೇಡಿ ಬಂದವರಿಗೆ ಅಕ್ಕಿ ಕೊಡಲು ಮನೆಯ ಹಿರಿಯರು ಅವನಿಗೆ ಅನುಮತಿ ಕೊಟ್ಟಿದ್ದರು. ಆದರೆ ಅದಕ್ಕೊಂದು ಅಳತೆಯಿತ್ತು: ಒಂದು ಸಿಗರೇಟಿನ ಡಬ್ಬಿ. ಆ ಮನೆಯವರು ಕರುಣೆಯಿಲ್ಲದವರಲ್ಲ. ಬರುವವರು ಅಷ್ಟು ಮಂದಿಯಿದ್ದರು. ಆ ಬಾಲಕನೇ ಮುಂದೆ ೧೯೯೮ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಪಡೆದ ಅಮರ್ತ್ಯ ಸೇನ್. ಬಂಗಾಳದಲ್ಲಿ ೧೯೪೩ರಲ್ಲಿದ್ದ ಧಾನ್ಯ ಕ್ಷಾಮವಿಲ್ಲದ ೧೯೪೧ರಲ್ಲಿದ್ದುದಕ್ಕಿಂತ ಕಡಿಮೆಯೇನೂ ಇರಲಿಲ್ಲವೆಂದು ೧೯೮೧ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವರು ವಾದಿಸಿದರು. ಯುದ್ಧಕಾಲದ ಬೆಲೆಯೇರಿಕೆಯಲ್ಲಿ ಹಳ್ಳಿಯ ಕೂಲಿಗಾರರು, ಬೆಸ್ತರು, ಕುಶಲಕರ್ಮಿಗಳು ಅದನ್ನು ಕೊಳ್ಳುವ ಶಕ್ತಿಯನ್ನು ಕಳೆದುಕೊಂಡಿದ್ದರು. ಅನ್ನವಿರುವುದು ಬೇರೆ, ಅನ್ನ ದೊರಕುವುದು ಬೇರೆ ಎಂಬುದು ಅವರು ಕಂಡ ಸತ್ಯ.

ಇದು ಬಡ ದೇಶಗಳ ಕಥೆ ಮಾತ್ರವೆಂದು ತಿಳಿಯಬಾರದು. ಕೆನಡಾ ಸಂಪನ್ನವಾದ ದೇಶ. ಲೋಕಕ್ಕೆಲ್ಲ ಗೋಧಿಯನ್ನು ಮಾರುವ ದೇಶ. ಅಲ್ಲಿಯೂ ನಿರುದ್ಯೋಗ ಹೆಚ್ಚಿದ ಕಾಲದಲ್ಲಿ, ೧೯೮೧ರಲ್ಲಿ, ಎಡ್ಮಂಟನ್ ನಗರದಲ್ಲಿ ದಾನಿಗಳು ಕೊಟ್ಟ ಆಹಾರವನ್ನು ಕೂಡಿಟ್ಟು ಬಡವರಿಗೆ ಹಂಚುವ ಮೊದಲ ‘ಫುಡ್ ಬ್ಯಾಂಕ್’ ಆರಂಭವಾಯಿತು. ಕಷ್ಟಕಾಲ ಕಳೆಯುವವರೆಗಿನ ತಾತ್ಕಾಲಿಕ ಏರ್ಪಾಡೆಂದು ಅದನ್ನು ಭಾವಿಸಿದ್ದರು. ನಾಲ್ಕು ದಶಕಗಳು ಕಳೆದರೂ ಅದು ಮುಚ್ಚಲಿಲ್ಲ. ಅಂಥವು ದೇಶದ ತುಂಬ ಹಬ್ಬಿದವು. ಅಲ್ಲಿನ ವಿದ್ವಾಂಸರು ಪರಿಶೀಲಿಸಿದಾಗ, ಅನ್ನದ ಕೊರತೆಯಿರುವ ಮನೆಗಳಲ್ಲಿ ಹೆಚ್ಚಿನವು ಆ ಭಂಡಾರಗಳ ಬಾಗಿಲಿಗೆ ಹೋಗುವುದೇ ಇಲ್ಲವೆಂದು ತಿಳಿಯಿತು. ಇನ್ನೊಂದು ಸಂಗತಿಯನ್ನೂ ಅವರು ಕಂಡರು. ವರಮಾನ ಕಡಿಮೆಯಿರುವವರಲ್ಲಿ ೬೫ ವರ್ಷ ತುಂಬಿ ವೃದ್ಧಾಪ್ಯವೇತನ ತಪ್ಪದೆ ಕೈಗೆ ಬರತೊಡಗಿದ ಮೇಲೆ ಈ ಕೊರತೆ ಬಹಳಮಟ್ಟಿಗೆ ತಗ್ಗುತ್ತದೆ. ದಾನದ ಬುಟ್ಟಿ ಮಾಡಲಾಗದ ಕೆಲಸವನ್ನು ನಿಶ್ಚಿತವಾದ ವರಮಾನ ಸದ್ದಿಲ್ಲದೆ ಮಾಡಿತು.

ಭಾರತದಲ್ಲಿ ಈ ವಿಚಾರ ೨೦೦೧ರಲ್ಲಿ ಹೊಸದೊಂದು ತಿರುವು ಪಡೆಯಿತು. ಆ ವರ್ಷ ರಾಜಸ್ಥಾನ ಮೊದಲಾದ ಕಡೆ ಬರವಿತ್ತು. ಅದೇ ಸಮಯದಲ್ಲಿ ಸರ್ಕಾರದ ಉಗ್ರಾಣಗಳಲ್ಲಿ ೫ ಕೋಟಿ ಟನ್ನಿಗೂ ಮಿಕ್ಕ ಧಾನ್ಯ ತುಂಬಿತ್ತು. ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಎಂಬ ಸಂಸ್ಥೆ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕಿತು. ಸಂವಿಧಾನ ಕೊಟ್ಟಿರುವ ಜೀವಿಸುವ ಹಕ್ಕಿನಲ್ಲಿ ಅನ್ನದ ಹಕ್ಕೂ ಅಡಗಿದೆಯೆಂಬುದು ಅದರ ವಾದ. ೨೦೦೧ರ ನವೆಂಬರ್ ೨೮ರಂದು ನ್ಯಾಯಾಲಯ, ಸರ್ಕಾರಿ ಪ್ರಾಥಮಿಕ ಶಾಲೆಗಳ ಪ್ರತಿಯೊಂದು ಮಗುವಿಗೂ ಮಧ್ಯಾಹ್ನ ಬೇಯಿಸಿದ ಊಟವನ್ನು ಕೊಡಬೇಕೆಂದು ಆಜ್ಞೆ ಮಾಡಿತು. ಕಾಮರಾಜರು ಮುಖ್ಯಮಂತ್ರಿಯಾಗಿದ್ದ ಅಂದಿನ ಮದರಾಸು ರಾಜ್ಯ ೧೯೫೬ರಲ್ಲೇ ಈ ಹಾದಿಯನ್ನು ಹಿಡಿದಿತ್ತು. ಕರ್ನಾಟಕದಲ್ಲಿ ೨೦೦೨ರಲ್ಲಿ ಈಶಾನ್ಯ ಭಾಗದ ಜಿಲ್ಲೆಗಳಿಂದ ಆರಂಭವಾದ ಈ ಯೋಜನೆಗೆ ‘ಅಕ್ಷರ ದಾಸೋಹ’ವೆಂದು ಹೆಸರಿಟ್ಟರು. ೨೦೧೩ರಲ್ಲಿ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆ ಬಂತು. ಹಳ್ಳಿಗಳ ಜನರಲ್ಲಿ ನೂರಕ್ಕೆ ೭೫ರವರೆಗೆ, ಪಟ್ಟಣಗಳ ಜನರಲ್ಲಿ ನೂರಕ್ಕೆ ೫೦ರವರೆಗೆ, ಆಯ್ದ ಸಂಸಾರಗಳ ಪ್ರತಿಯೊಬ್ಬರಿಗೂ ತಿಂಗಳಿಗೆ ೫ ಕಿಲೋಗ್ರಾಂ ಧಾನ್ಯ ಕಾಯಿದೆಯ ಬಲದಿಂದ ದೊರೆಯುವಂತಾಯಿತು. ಕಡುಬಡ ಸಂಸಾರಗಳಿಗೆ ೩೫ ಕಿಲೋಗ್ರಾಂ ಗೊತ್ತಾಯಿತು. ೨೦೨೩ರ ಜನವರಿಯಿಂದ ಈ ಧಾನ್ಯವನ್ನು ಬೆಲೆಯಿಲ್ಲದೆ ಕೊಡತೊಡಗಿದರು.

ದಾನಕ್ಕೂ ಹಕ್ಕಿಗೂ ಇರುವ ವ್ಯತ್ಯಾಸವನ್ನು ಶಾಲೆಯ ಮಧ್ಯಾಹ್ನದ ಪಂಕ್ತಿಯಲ್ಲಿ ಕಣ್ಣಾರೆ ಕಾಣಬಹುದು. ಗಂಟೆ ಹೊಡೆದೊಡನೆ ಮಕ್ಕಳು ತಟ್ಟೆ ತೊಳೆದುಕೊಂಡು ಬಂದು ಸಾಲಾಗಿ ಕುಳಿತುಕೊಳ್ಳುತ್ತಾರೆ. ಯಾವ ಮಗುವಿನ ಮನೆಯಲ್ಲಿ ಬೆಳಿಗ್ಗೆ ಒಲೆ ಉರಿದಿತ್ತು, ಯಾವ ಮಗುವಿನ ಮನೆಯಲ್ಲಿ ಉರಿದಿರಲಿಲ್ಲ ಎಂದು ಯಾರೂ ಕೇಳುವುದಿಲ್ಲ. ಬಡತನವನ್ನು ಹೇಳಿಕೊಂಡು ಅನ್ನ ಪಡೆಯಬೇಕಾಗಿಲ್ಲ. ಹಸಿದು ಬಂದ ಮಗು ಉಳಿದವರ ನಡುವೆ ಕುಳಿತು ತಲೆಯೆತ್ತಿಕೊಂಡೇ ಉಣ್ಣುತ್ತದೆ. ಮನೆಯಲ್ಲಿ ತಾಯಿಗೂ ಒಂದು ಹೊತ್ತಿನ ಚಿಂತೆ ತಪ್ಪುತ್ತದೆ. ಶರಣರು ದಾಸೋಹವೆಂಬ ಮಾತಿನಲ್ಲಿ ಹೇಳಬಯಸಿದ್ದು ಇಂಥದೊಂದು ಪಂಕ್ತಿಯನ್ನೇ ಇರಬೇಕು.

ಹಾಗೆಂದು ಕಾಯಿದೆಯಾದೊಡನೆ ಕಷ್ಟ ಕಳೆಯಿತೆಂದು ಹೇಳುವಂತಿಲ್ಲ. ಪಡಿತರ ಚೀಟಿಯಲ್ಲಿ ಹೆಸರು ಬಿಟ್ಟುಹೋದವರಿದ್ದಾರೆ. ದುಡಿದು ಸವೆದ ಬೆರಳಿನ ಗುರುತನ್ನು ಯಂತ್ರ ಒಪ್ಪದೆ, ನ್ಯಾಯಬೆಲೆ ಅಂಗಡಿಯಿಂದ ಬರಿಗೈಯಲ್ಲಿ ಹಿಂದಿರುಗಿದ ಮುದುಕರಿದ್ದಾರೆ. ದೊರೆತ ಅಕ್ಕಿ ಹೊಟ್ಟೆ ತುಂಬಿಸಿದರೂ ಬೇಳೆ, ಹಾಲು, ಸೊಪ್ಪುಗಳಿಲ್ಲದೆ ಮೈಗೆ ಬಲ ಬರುವುದಿಲ್ಲ. ಅವನ್ನು ಕೊಳ್ಳಲು ಕೂಲಿ ಬೇಕು. ೨೦೨೦ರ ಮಾರ್ಚಿಯಲ್ಲಿ ಕೊರೋನಾ ಸೋಂಕಿನ ಭಯದಿಂದ ದೇಶವೆಲ್ಲ ಬಾಗಿಲು ಮುಚ್ಚಿದಾಗ, ದುಡಿಮೆಗಾಗಿ ನಗರಗಳಿಗೆ ಬಂದಿದ್ದ ಲಕ್ಷಾಂತರ ಮಂದಿ ಒಂದೇ ದಿನದಲ್ಲಿ ಕೂಲಿಯನ್ನು ಕಳೆದುಕೊಂಡರು. ಅವರಲ್ಲಿ ಬಹುಮಂದಿಯ ಪಡಿತರ ಚೀಟಿ ಇದ್ದುದು ಅವರ ಊರಿನಲ್ಲಿ; ಹಸಿವು ಇದ್ದುದು ಈ ಊರಿನಲ್ಲಿ. ಆಗ ಅವರ ನೆರವಿಗೆ ಒದಗಿದವರು ಗುರುದ್ವಾರಗಳವರು, ಮಠ, ಮಸೀದಿ, ಚರ್ಚುಗಳವರು, ತಮ್ಮ ಮನೆಯ ಒಲೆಯ ಮೇಲೆ ಚಿತ್ರಾನ್ನ ಕಲಸಿ ಪೊಟ್ಟಣ ಕಟ್ಟಿದ ಸಾಮಾನ್ಯ ಗೃಹಿಣಿಯರು. ಹಕ್ಕು ಹೋಗಿ ಮುಟ್ಟದ ಕಡೆ ಕರುಣೆ ಹೋಗಿ ಮುಟ್ಟಿತು.

ಆದುದರಿಂದ ಅನ್ನದಾನವನ್ನು ಹಗುರವಾಗಿ ಕಾಣುವುದು ಸಲ್ಲದು. ಮನೆಗೆ ಬೆಂಕಿ ಬಿದ್ದಾಗ ಬಿಂದಿಗೆ ಹಿಡಿದು ಓಡಿಬರುವ ನೆರೆಯವನ ಉಪಕಾರ ದೊಡ್ಡದು. ಆದರೆ ದಿನವೂ ಕುಡಿಯುವ ನೀರಿಗೆ ನೆರೆಯವನ ಬಿಂದಿಗೆಯನ್ನೇ ನೆಚ್ಚಿಕೊಂಡಿರಲಾಗದು. ಅದಕ್ಕೆ ಊರಿಗೊಂದು ಬಾವಿ ಬೇಕು. ಆಪತ್ತಿನ ದಿನಕ್ಕೆ ದಾನ, ಎಲ್ಲ ದಿನಗಳಿಗೂ ದುಡಿಮೆ, ನ್ಯಾಯವಾದ ಕೂಲಿ ಮತ್ತು ಹಕ್ಕು. ಇವು ಒಂದನ್ನೊಂದು ಹಳಿಯುವ ವಸ್ತುಗಳಲ್ಲ. ದಾನ ಎಚ್ಚರವಾಗಿದ್ದರೆ ಹಕ್ಕು ಎಲ್ಲಿ ತಲುಪಿಲ್ಲವೆಂಬುದನ್ನು ಅದು ತೋರಿಸುತ್ತದೆ. ಹಕ್ಕು ಬಲವಾದರೆ ದಾನದ ಬಾಗಿಲಲ್ಲಿ ನಿಲ್ಲುವವರ ಸಾಲು ಮೋಟಾಗುತ್ತದೆ. ತನ್ನ ಬಾಗಿಲಿಗೆ ಬರುವವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುವುದನ್ನು ಕಂಡು ಹಿಗ್ಗುವ ದಾನಿಯೇ ನಿಜವಾದ ದಾನಿ.

ಅನ್ನ ಹಂಚಿದ ಎಲೆಗಳನ್ನು ಎಣಿಸಿ ಒಂದು ನಾಡಿನ ಹಿರಿಮೆಯನ್ನು ಅಳೆಯುವುದು ಸುಲಭ. ಆದರೆ ಸರಿಯಾದ ಅಳತೆ ಬೇರೆ ಇದೆ. ಊರ ಕೊನೆಯ ಮನೆಯಲ್ಲಿ, ಕೂಲಿಯಿಲ್ಲದ ತಿಂಗಳಿನ ಒಂದು ರಾತ್ರಿ, ಎಲ್ಲರಿಗೂ ಬಡಿಸಿದ ಮೇಲೆ ಮಡಕೆಯಲ್ಲಿ ತಾಯಿಗೂ ಒಂದು ಮುದ್ದೆ ಉಳಿದಿರಬೇಕು. ತನಗೆ ಹಸಿವಾಗಿದೆಯೆಂಬ ನಿಜವನ್ನು ಅವಳು ಅಂಜಿಕೆಯಿಲ್ಲದೆ ಹೇಳಿ, ಮಕ್ಕಳ ಜೊತೆಯಲ್ಲೇ ಕುಳಿತು ಉಣ್ಣುವಂತಾಗಬೇಕು.

ಅಭ್ಯಾಸ

೧. ಮನೆಯೊಳಗಿನ ಹಸಿವು ಬೀದಿಗೆ ಬಂದ ಹಸಿವಿಗಿಂತ ಹೇಗೆ ಭಿನ್ನವಾದುದು?
೨. ದಾನಕ್ಕೂ ದಾಸೋಹಕ್ಕೂ ಇರುವ ಅಂತರವನ್ನು ವಿವರಿಸಿರಿ.
೩. ಅನ್ನದಾನವೊಂದರಿಂದಲೇ ಹಸಿವು ನೀಗದು ಎಂಬುದಕ್ಕೆ ಪಾಠದಲ್ಲಿ ಕೊಟ್ಟಿರುವ ಮೂರು ಕಾರಣಗಳಾವುವು?
೪. “ಅನ್ನವಿರುವುದು ಬೇರೆ, ಅನ್ನ ದೊರಕುವುದು ಬೇರೆ.” ಈ ಮಾತನ್ನು ೧೮೭೬-೭೮ ಮತ್ತು ೧೯೪೩ರ ಕ್ಷಾಮಗಳ ಹಿನ್ನೆಲೆಯಲ್ಲಿ ಸ್ಪಷ್ಟಪಡಿಸಿರಿ.
೫. ಶಾಲೆಯ ಮಧ್ಯಾಹ್ನದ ಪಂಕ್ತಿ ದಾನವಲ್ಲ, ಹಕ್ಕು ಎಂಬುದನ್ನು ಸಮರ್ಥಿಸಿರಿ.
೬. ನಿಮ್ಮ ಊರಿನ ಕೂಲಿಯ ಸಂಸಾರಗಳಿಗೆ ವರ್ಷದ ಯಾವ ತಿಂಗಳುಗಳಲ್ಲಿ ಕೆಲಸ ಕಡಿಮೆ? ಹಿರಿಯರನ್ನು ಕೇಳಿ ತಿಳಿದು ಒಂದು ಪುಟದಷ್ಟು ಬರೆಯಿರಿ.